ಕಂಪ್ಯೂಟರ್ ಮುಂದಿನ ಕುತ್ತಿಗೆ ನೋವು: ದೋಷ ಹುಡುಕುವ ಕ್ರಮ

ಆಕೆ ಕುರ್ಚಿಯಲ್ಲಿ ಕೂರುವ ಮೊದಲೇ ಚೀಲದಿಂದ ಎಂಆರ್‌ಐ ಫಿಲ್ಮ್ ತೆಗೆದು ನನ್ನ ಮೇಜಿನ ಮೇಲಿಟ್ಟರು. ತಾಲೂಕು ಕಚೇರಿಯೊಂದರಲ್ಲಿ ಡೇಟಾ ಎಂಟ್ರಿ ಆಪರೇಟರ್, ಹನ್ನೊಂದು ವರ್ಷದ ಸರ್ವಿಸು. "ಕತ್ತಲ್ಲಿ ಸಿ5-ಸಿ6 ಮೂಳೆಗಳ ಮಧ್ಯದ ಡಿಸ್ಕ್ ಉಬ್ಬಿದೆಯಂತೆ ಸರ್. ಕಂಪ್ಯೂಟರ್ ಕೆಲಸ ಬಿಟ್ಟುಬಿಡ್ಬೇಕಾ?"

ಫಿಲ್ಮನ್ನು ನಾನು ಮುಟ್ಟಲಿಲ್ಲ. "ಅರ್ಜಿ ಕೊಡೋಕೆ ಬರೋ ಜನ ಎಲ್ಲಿ ನಿಲ್ತಾರೆ ಮೇಡಂ?" ಅಂತ ಕೇಳಿದೆ. ತೋರಿಸಲು ಎಡಕ್ಕೆ ಕತ್ತು ತಿರುಗಿಸಿ ಮೇಲಕ್ಕೆ ನೋಡಿದರು. ಅರ್ಧ ದಾರಿಯಲ್ಲೇ "ಅಯ್ಯಮ್ಮಾ" ಅಂದು ನಿಂತರು.

ಕಿಟಕಿ ಎಡಕ್ಕೆ, ಕೂತವರ ತಲೆಗಿಂತ ಎತ್ತರದಲ್ಲಿ. ಮಾನಿಟರ್ ಬಲಕ್ಕೆ. ಜನ ನಿಂತಿರುತ್ತಾರೆ, ಆಕೆ ಕೂತಿರುತ್ತಾರೆ. ಆಧಾರ್ ನಂಬರ್ ಕೇಳಲು ಒಂದು ಸಲ, ಹೆಸರಿನ ಕಾಗುಣಿತ ಕೇಳಲು ಒಂದು ಸಲ, ಫೋನ್ ನಂಬರಿಗೆ ಇನ್ನೊಂದು ಸಲ. ದಿನಕ್ಕೆ ನೂರು ಅರ್ಜಿ ಅಂದರೆ ಮುನ್ನೂರು ಸಲ ಕತ್ತು ಎಡಕ್ಕೆ ತಿರುಗಿ ಮೇಲೇಳಬೇಕು. ಫಿಲ್ಮ್‌ನಲ್ಲಿ ಇದ್ಯಾವುದೂ ಕಾಣುವುದಿಲ್ಲ.

ನಾನು ಫಿಸಿಯೋಥೆರಪಿಸ್ಟ್. ನಮ್ಮೂರಿನಂಥ ಊರಿನಲ್ಲಿ ಸಾಫ್ಟ್‌ವೇರಿನವರಿಗಿಂತ ಸೊಸೈಟಿ ಗುಮಾಸ್ತರು, ಡಿಟಿಪಿ ಮಾಡುವವರು, ಬ್ಯಾಂಕಿನವರು, ಕಚೇರಿಯ ಆಪರೇಟರುಗಳೇ ಹೆಚ್ಚು ಬರುತ್ತಾರೆ. ಲಾಕ್‌ಡೌನ್ ಆದಮೇಲೆ ಊರಿಗೆ ಬಂದು ಇಲ್ಲೇ ಕೂತು ಬೆಂಗಳೂರಿನ ಕೆಲಸ ಮಾಡುವ ಹುಡುಗರೂ ಸೇರಿಕೊಂಡಿದ್ದಾರೆ. ಗ್ಯಾರೇಜಿಗೆ ಬೈಕ್ ಒಯ್ದರೆ ಮೆಕ್ಯಾನಿಕ್ ಮೊದಲು ಕೇಳುವುದು "ಯಾವಾಗ ಸೌಂಡ್ ಬರುತ್ತೆ?" ಅಂತ. ಸ್ಟಾರ್ಟ್ ಮಾಡಿದಾಗಲೋ, ಗೇರ್ ಹಾಕಿದಾಗಲೋ, ಹಂಪ್ ಹಾರಿಸಿದಾಗಲೋ. ಕುತ್ತಿಗೆಗೂ ಅದೇ ಪ್ರಶ್ನೆ ಕೇಳಬೇಕು. ಮುಂದೆ ಬರೆದಿರುವುದು ನಾನು ಹುಡುಕುವ ಕ್ರಮ.

ಫಿಲ್ಮ್ ಯಾಕೆ ಬದಿಗಿಟ್ಟೆ

ಜಪಾನಿನಲ್ಲಿ ಕುತ್ತಿಗೆಯ ತಕರಾರೇ ಇಲ್ಲದ 1,211 ಜನರಿಗೆ ಎಂಆರ್‌ಐ ಮಾಡಿ ನೋಡಿದ್ದರು. ಫಲಿತಾಂಶ 2015ರಲ್ಲಿ ಪ್ರಕಟವಾಯಿತು. ಅವರಲ್ಲಿ ಶೇ. 87.6 ಮಂದಿಗೆ ಡಿಸ್ಕ್ ಉಬ್ಬಿತ್ತು. ಇಪ್ಪತ್ತರ ಹರೆಯದವರಲ್ಲೇ ಶೇ. 70ಕ್ಕಿಂತ ಹೆಚ್ಚು ಮಂದಿಗೆ ಹಾಗಿತ್ತು. ನೋವಿಲ್ಲ, ಜೋಮಿಲ್ಲ, ಚೆನ್ನಾಗಿ ನಿದ್ದೆ ಮಾಡುವ ಜನ. ಕೂದಲು ನರೆತ ಹಾಗೆ ಡಿಸ್ಕೂ ಸವೆಯುತ್ತದೆ. ಹಾಗಂತ ಎಂಆರ್‌ಐ ಬೇಡವೇ ಬೇಡ ಅಂತಲ್ಲ. ಕೈಯ ಬಲ ಕುಂದಿದ್ದರೆ, ಕೆಳಗೆ ಹೇಳುವ ಅಪಾಯದ ಲಕ್ಷಣಗಳಿದ್ದರೆ, ಶಸ್ತ್ರಚಿಕಿತ್ಸೆಯ ಮಾತು ಬಂದಿದ್ದರೆ ಅದು ಬೇಕೇ ಬೇಕು. ಬರೀ ನೋವಿಗೆ ಮೊದಲ ವಾರವೇ ಓಡಿಹೋಗಿ ಮಾಡಿಸಿದರೆ ಕೈಗೆ ಸಿಗುವುದು ಒಂದು ಹೆದರಿಕೆ. ಹೆದರಿದವರು ಕತ್ತು ಅಲ್ಲಾಡಿಸುವುದನ್ನೇ ಬಿಡುತ್ತಾರೆ, ಆಮೇಲೆ ಅದು ಇನ್ನಷ್ಟು ಬಿಗಿಯುತ್ತದೆ.

ಮೊದಲು ಇದನ್ನು ತೀರ್ಮಾನಿಸಿ

ಮೇಜು, ಕುರ್ಚಿ ನೋಡುವ ಮೊದಲು ಇದು ಮೇಜಿನ ದೋಷವಲ್ಲದೆ ಇರಬಹುದೇ ಎಂದು ನೋಡಬೇಕು. ಇದೊಂದು ಹಂತವನ್ನು ಯಾರೂ ಹಾರಿಸಬಾರದು.

ಕುತ್ತಿಗೆ ನೋವಿನ ಜೊತೆ ಎದೆ ಹಿಂಡಿದ ಹಾಗಾಗಿ, ಬೆವರು ಬಂದು, ನೋವು ಎಡಗೈಗೋ ದವಡೆಗೋ ಇಳಿದರೆ ಅದು ಹೃದಯದ ವಿಷಯ. ಫಿಸಿಯೋಥೆರಪಿಯಲ್ಲ, ಆಂಬುಲೆನ್ಸ್ ಬೇಕು. ಹಿಂದೆಂದೂ ಬಾರದಂಥ ನೋವು ಹಠಾತ್ತನೆ ಬಂದು ತಲೆಸುತ್ತು, ಮಾತು ತೊದಲುವುದು, ಮುಖ ಒಂದು ಕಡೆ ವಾಲುವುದು, ಎರಡೆರಡು ಕಾಣುವುದು ಆದರೆ ಕುತ್ತಿಗೆಯ ರಕ್ತನಾಳ ಹರಿದಿರಬಹುದು. ಜೋರು ಜ್ವರದ ಜೊತೆ ಗಲ್ಲ ಎದೆಗೆ ತಾಗಿಸಲಾಗದಷ್ಟು ಕತ್ತು ಸೆಟೆದರೆ ಮೆದುಳುಜ್ವರವೋ ಎಂದು ಅದೇ ಹೊತ್ತಿಗೆ ನೋಡಿಸಬೇಕು. ಸಂಜೆ ಸಂಜೆ ಸಣ್ಣ ಜ್ವರ, ಮೈ ಇಳಿಯುವುದು, ಮಲಗಿದರೂ ಕಡಿಮೆಯಾಗದ ರಾತ್ರಿ ನೋವು ಇದ್ದರೆ, ನಮ್ಮ ದೇಶದಲ್ಲಿ ಬೆನ್ನುಮೂಳೆಯ ಟಿಬಿಯನ್ನು ಮರೆಯುವ ಹಾಗಿಲ್ಲ. ಹಿಂದೆ ಕ್ಯಾನ್ಸರ್ ಆಗಿದ್ದವರು, ಬೈಕಿನಿಂದ ಬಿದ್ದವರು ಕೂಡ ಮೊದಲು ವೈದ್ಯರ ಹತ್ತಿರವೇ ಹೋಗಬೇಕು.

ಇನ್ನೊಂದಿದೆ. ಅದು ಸದ್ದಿಲ್ಲದೆ ಬರುವುದರಿಂದ ಹೆಚ್ಚು ಜನ ಅದನ್ನೇ ಬಿಟ್ಟುಬಿಡುತ್ತಾರೆ: ಬೆನ್ನುಹುರಿಯೇ ಒತ್ತಿಕೊಳ್ಳುವುದು. ಇದರಲ್ಲಿ ನೋವು ಅಷ್ಟಾಗಿ ಇರುವುದಿಲ್ಲ. ಅಂಗಿಯ ಗುಂಡಿ ಹಾಕಲು ಬೆರಳು ತಡವರಿಸುತ್ತದೆ, ಸಹಿ ಕೆಡುತ್ತದೆ, ಊಟದಲ್ಲಿ ತುತ್ತು ಕಲಸಲು ಕೈ ಮೊದಲಿನಂತೆ ಒಗ್ಗುವುದಿಲ್ಲ, ಮೆಟ್ಟಿಲಿಳಿಯುವಾಗ ಕೈಹಿಡಿ ಬೇಕೆನಿಸುತ್ತದೆ. ಕತ್ತು ಬಗ್ಗಿಸಿದರೆ ಬೆನ್ನಿಗುಂಟ ಕರೆಂಟ್ ಹೊಡೆದ ಹಾಗಾಗಬಹುದು. ಒಂದು ಪರೀಕ್ಷೆ ಮನೆಯಲ್ಲೇ ಮಾಡಬಹುದು. ಹತ್ತು ಸೆಕೆಂಡಿನಲ್ಲಿ ಮುಷ್ಟಿ ಪೂರ್ತಿ ಬಿಗಿದು ಪೂರ್ತಿ ಬಿಚ್ಚುವುದು ಎಷ್ಟು ಸಲ ಆಗುತ್ತದೆ ಎಣಿಸಿ. ಆರೋಗ್ಯವಂತರು 20 ದಾಟುತ್ತಾರೆ. ಅಷ್ಟಾಗದೆ ಬೆರಳುಗಳು ಹಿಂದೆ ಬಿದ್ದರೆ, ಮೂತ್ರ ಕಟ್ಟುವುದೋ ತಡೆಯಲಾಗದಿರುವುದೋ ಸೇರಿಕೊಂಡರೆ, ಈ ಬರಹವನ್ನು ಇಲ್ಲಿಗೇ ಬಿಟ್ಟು ನರ ಅಥವಾ ಮೂಳೆ ತಜ್ಞರನ್ನು ಕಾಣಿ.

ಏನು ನಿಂತುಹೋಗಿದೆ?

ಬಂದವರನ್ನು "ನೋವು ಎಷ್ಟಿದೆ?" ಎಂದು ಕೇಳಿದರೆ ಎಲ್ಲರದೂ ಒಂದೇ ಉತ್ತರ: "ತುಂಬಾ." ಅದರಿಂದ ನನಗೇನೂ ತಿಳಿಯುವುದಿಲ್ಲ. "ಏನು ಮಾಡೋಕಾಗ್ತಿಲ್ಲ?" ಎಂದು ಕೇಳಿದರೆ ಬಾಯಿ ಬಿಚ್ಚುತ್ತಾರೆ. ತಲೆ ಬಾಚಲು ಆಗುತ್ತಿಲ್ಲ, ಗಾಡಿಯಲ್ಲಿ ಹಿಂದೆ ತಿರುಗಿ ನೋಡಲು ಆಗುತ್ತಿಲ್ಲ, ಮಗುವನ್ನು ಎತ್ತಿಕೊಳ್ಳಲು ಹೆದರಿಕೆ.

ಇದನ್ನೇ ಲೆಕ್ಕಕ್ಕೆ ಇಳಿಸಿದ ಪ್ರಶ್ನಾವಳಿಯೊಂದಿದೆ. ಕೆನಡಾದ ಹೊವಾರ್ಡ್ ವೆರ್ನನ್ ಮತ್ತು ಸಿಲ್ವಾನೊ ಮಿಯರ್ 1991ರಲ್ಲಿ ಪ್ರಕಟಿಸಿದ ನೆಕ್ ಡಿಸಬಿಲಿಟಿ ಇಂಡೆಕ್ಸ್. ಹತ್ತು ವಿಷಯ: ನೋವಿನ ತೀವ್ರತೆ, ಸ್ನಾನ ಬಟ್ಟೆಯಂಥ ಸ್ವಂತ ಕೆಲಸ, ಭಾರ ಎತ್ತುವುದು, ಓದು, ತಲೆನೋವು, ಗಮನ ನಿಲ್ಲುವುದು, ಉದ್ಯೋಗ, ವಾಹನ ಓಡಿಸುವುದು, ನಿದ್ದೆ, ಮನರಂಜನೆ. ಒಂದೊಂದಕ್ಕೂ 0ಯಿಂದ 5, ಒಟ್ಟು 50. 4ರವರೆಗೆ ತೊಂದರೆಯಿಲ್ಲ, 5ರಿಂದ 14 ಅಲ್ಪ, 15ರಿಂದ 24 ಮಧ್ಯಮ, 25ರಿಂದ 34 ತೀವ್ರ, ಅದರ ಮೇಲೆ ಪೂರ್ತಿ ಅಸಾಮರ್ಥ್ಯ. ವಾಹನ ಓಡಿಸದವರಿಗೆ ಆ ಪ್ರಶ್ನೆ ಬಿಟ್ಟು 45ಕ್ಕೆ ಶೇಕಡಾ ಲೆಕ್ಕ ಹಾಕುತ್ತೇವೆ. ಸ್ಕೂಟಿ ಓಡಿಸುವವರಿಗೆ ಅದನ್ನೇ ಕೇಳುತ್ತೇನೆ: ಯೂ-ಟರ್ನ್ ಹೊಡೆಯುವಾಗ ಕತ್ತು ತಿರುಗುತ್ತದೋ, ಇಡೀ ಮೈ ತಿರುಗಿಸುತ್ತೀರೋ?

ನಮ್ಮ ಆಪರೇಟರ್ ಮೇಡಂಗೆ 19 ಬಂತು. ಬಾಯಿ ಮಾತಿನಲ್ಲಿ ಅವರು ಹೇಳಿದ್ದು "ತಡೆಯೋಕಾಗಲ್ಲ ಸರ್". ಆದರೆ ನೋವಿನ ಪ್ರಶ್ನೆಗೆ ಹಾಕಿದ್ದು 2, ಓದು ಮತ್ತು ಉದ್ಯೋಗಕ್ಕೆ 3, ಭಾರಕ್ಕೆ 1, ನಿದ್ದೆಗೆ 1. ಅಂದರೆ ಮನೆಯಲ್ಲಿ ಹೇಗೋ ನಡೆಯುತ್ತಿದೆ, ಕೌಂಟರಿನಲ್ಲಿ ಕೆಡುತ್ತಿದೆ. ಅಂಕದ ಮೊತ್ತಕ್ಕಿಂತ ಅದು ಯಾವ ಸಾಲಿನಲ್ಲಿ ಗುಡ್ಡೆ ಬಿದ್ದಿದೆ ಎನ್ನುವುದರಿಂದ ನನಗೆ ಜಾಡು ಸಿಗುತ್ತದೆ.

ಇಲ್ಲೊಂದು ಗೊಂದಲ ಪದೇಪದೇ ಬರುತ್ತದೆ. 50ಕ್ಕೆ 20 ಬಂದರೆ ಶೇ. 40. ಅದನ್ನು ಹಿಡಿದುಕೊಂಡು "ಸರ್ಟಿಫಿಕೇಟ್ ಸಿಗುತ್ತಾ?" ಎಂದು ಬರುವವರಿದ್ದಾರೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯ ಪಟ್ಟಿ ಮಾಡಿ ಮೀಸಲಾತಿಯಂಥ ಸೌಲಭ್ಯಗಳಿಗೆ ಶೇ. 40 ಎಂದು ಗೆರೆ ಎಳೆದಿರುವುದು ನಿಜ. ಆದರೆ ಅದನ್ನು ಅಳೆಯುವುದು ವೈದ್ಯಕೀಯ ಮಂಡಳಿ, ಅದರ ಮಾನದಂಡವೇ ಬೇರೆ. ನಮ್ಮ ಪ್ರಶ್ನಾವಳಿಯ ಶೇ. 40ಕ್ಕೂ ಅದಕ್ಕೂ ಸಂಬಂಧವಿಲ್ಲ.

ಕುತ್ತಿಗೆಯೋ, ನರವೋ, ಹೆಗಲೋ

ನೋವಿರುವ ಜಾಗವನ್ನು ತೋರಿಸಿ ಎಂದರೆ ಕೆಲವರು ಇಡೀ ಅಂಗೈಯನ್ನು ಕುತ್ತಿಗೆಗೂ ಭುಜಕ್ಕೂ ನಡುವೆ ಇಟ್ಟು ಉಜ್ಜುತ್ತಾರೆ. ಇದು ಸ್ನಾಯುವಿನವರ ಗುರುತು. ಬೆಳಿಗ್ಗೆ ಸಲೀಸು, ಮಧ್ಯಾಹ್ನ ಮೂರಕ್ಕೆ ಭಾರ, ಸಂಜೆ ಬೆಂಕಿ, ಭಾನುವಾರ ಪರವಾಗಿಲ್ಲ. ಕೆಲವರು ಒಂದೇ ಬೆರಳಿನಿಂದ ಒಂದೇ ಜಾಗ ಒತ್ತುತ್ತಾರೆ, ಒಂದು ಕಡೆ ತಿರುಗಿದರೆ ಬೀಗ ಹಾಕಿದ ಹಾಗೆ ನಿಲ್ಲುತ್ತದೆ. ಅಲ್ಲಿ ಕೀಲಿನ ತಕರಾರು ಹೆಚ್ಚು.

ಇನ್ನು ಕೆಲವರು ಕ್ಲಿನಿಕ್ಕಿನ ಬೆಂಚಿನ ಮೇಲೆ ತಲೆ ಮೇಲೆ ಕೈ ಹೊತ್ತು ಕೂತಿರುತ್ತಾರೆ. ನೋಡಿದವರು ಯಾವುದೋ ಚಿಂತೆ ಅಂದುಕೊಳ್ಳಬೇಕು. ಕೈ ತಲೆಯ ಮೇಲಿದ್ದರೆ ಕುತ್ತಿಗೆಯಿಂದ ತೋಳಿಗೆ ಹೊರಡುವ ನರದ ಬೇರಿನ ಮೇಲಿನ ಎಳೆತ ಸಡಿಲವಾಗಿ ತೋಳಿನ ನೋವು ಇಳಿಯುತ್ತದೆ, ಅದಕ್ಕೇ ಹಾಗೆ ಕೂರುತ್ತಾರೆ. ಅವರನ್ನು ಒಳಗೆ ಕರೆಯುವ ಮೊದಲೇ ಅರ್ಧ ರೋಗನಿರ್ಣಯ ಆಗಿರುತ್ತದೆ.

ಯಾವ ಬೆರಳಿಗೆ ಜೋಮು ಎಂಬುದನ್ನು ಗಮನಿಸಿ ಬರೆದಿಡಿ. ಕುತ್ತಿಗೆಯಲ್ಲಿ ಮೂಳೆ ಏಳಾದರೂ ನರದ ಜೋಡಿ ಎಂಟು. ಆರನೆಯದು ಹೆಬ್ಬೆರಳ ಕಡೆಗೆ, ಏಳನೆಯದು ನಡುಬೆರಳಿಗೆ, ಎಂಟನೆಯದು ಕಿರುಬೆರಳ ಕಡೆಗೆ ಹೋಗುತ್ತದೆ. ಆದರೆ ಕಂಪ್ಯೂಟರ್ ಮುಂದೆ ಕೂರುವವರಲ್ಲಿ ಇವೇ ಬೆರಳುಗಳಿಗೆ ಬೇರೆ ಕಡೆಯಿಂದಲೂ ಜೋಮು ಬರುತ್ತದೆ. ರಾತ್ರಿ ಎಚ್ಚರವಾಗಿ ಕೈ ಕೊಡವಿದರೆ ಹೋಗುವ, ಹೆಬ್ಬೆರಳು ತೋರುಬೆರಳು ನಡುಬೆರಳಿನ ಜೋಮು ಹೆಚ್ಚಾಗಿ ಮಣಿಕಟ್ಟಿನದು. ಮೊಣಕೈಯನ್ನು ಮೇಜಿನ ಅಂಚಿಗೆ ಊರಿ ಕೂರುವವರ ಕಿರುಬೆರಳ ಜೋಮು ಮೊಣಕೈಯದು. ಇವೆರಡಕ್ಕೂ ಕುತ್ತಿಗೆ ತಿರುಗಿಸಿದರೆ ಏನೂ ಆಗುವುದಿಲ್ಲ. ಕತ್ತನ್ನು ನೋವಿರುವ ಕಡೆಗೆ ವಾಲಿಸಿ ಹಿಂದಕ್ಕೆ ಚಾಚಿದಾಗ ತೋಳಿಗೆ ಮಿಂಚು ಹೊಡೆದರೆ ಮಾತ್ರ ಕುತ್ತಿಗೆಯ ನರವನ್ನು ಅನುಮಾನಿಸಬೇಕು. ತಲೆಯನ್ನು ಮೇಲಿನಿಂದ ಒತ್ತಿ ನೋಡುವ ಪರೀಕ್ಷೆಯೊಂದಿದೆ, ಸ್ಪರ್ಲಿಂಗ್ ಪರೀಕ್ಷೆ ಅಂತ. ಅದನ್ನು ಮನೆಯಲ್ಲಿ ಅಣ್ಣನ ಕೈಲೋ ಗಂಡನ ಕೈಲೋ ಮಾಡಿಸಬೇಡಿ, ದಯವಿಟ್ಟು.

ಹೆಗಲನ್ನು ಬೇರ್ಪಡಿಸುವುದು ಸುಲಭ. ಕುತ್ತಿಗೆ ಅಲ್ಲಾಡಿಸದೆ ಕೈಯನ್ನು ಪಕ್ಕದಿಂದ ಮೇಲೆತ್ತಿ, ಆಮೇಲೆ ಬೆನ್ನ ಹಿಂದೆ ಒಯ್ಯಿರಿ. ಹಿಂದಿನ ಜೇಬಿನಿಂದ ಪರ್ಸ್ ತೆಗೆಯಲು, ರವಿಕೆಯ ಹಿಂದಿನ ದಾರ ಕಟ್ಟಲು ಆಗುತ್ತಿಲ್ಲವಾದರೆ ದೋಷ ಭುಜದಲ್ಲಿದೆ. ಸಕ್ಕರೆ ಕಾಯಿಲೆಯವರಲ್ಲಿ ಭುಜ ಹೀಗೆ ಬಿಗಿದುಕೊಳ್ಳುವುದು ಹೆಚ್ಚು. ಅಂಥವರು ಮಾನಿಟರ್ ಎಷ್ಟು ಎತ್ತರಿಸಿದರೂ ಉಪಯೋಗವಿಲ್ಲ.

ಮೂರು ದಿನದ ಚೀಟಿ

ಕೆಲಸದ ಎರಡು ದಿನ, ಒಂದು ರಜೆಯ ದಿನ, ಗಂಟೆಗೊಮ್ಮೆ ನೋವಿಗೆ ಹತ್ತರಲ್ಲಿ ಎಷ್ಟು, ಆಗ ಏನು ಮಾಡುತ್ತಿದ್ದಿರಿ ಎಂದು ಒಂದು ಚೀಟಿಯಲ್ಲಿ ಬರೆಯಿರಿ. ಮೊಬೈಲ್ ಆ್ಯಪ್ ಬೇಡ. ಅದನ್ನು ತೆಗೆಯಲು ಕತ್ತು ಬಗ್ಗಿಸಿದರೆ ಆಮೇಲೆ ಅರ್ಧ ಗಂಟೆ ಮೇಲೇಳುವುದಿಲ್ಲ.

ಒಬ್ಬ ಡಿಟಿಪಿ ಹುಡುಗನ ಚೀಟಿಯಲ್ಲಿ ಪುಟ ಜೋಡಿಸುವಾಗ 2, ಫೋಟೋ ಸರಿಮಾಡುವಾಗ 3, ಕೈಬರಹ ನೋಡಿ ಟೈಪ್ ಮಾಡುವಾಗ 7. ಯಂತ್ರ ಅದೇ, ಕುರ್ಚಿ ಅದೇ. ಹಸ್ತಪ್ರತಿ ಮಾತ್ರ ಎಡಗಡೆ ಮೇಜಿನ ಮೇಲೆ ಮಟ್ಟಸವಾಗಿ ಬಿದ್ದಿರುತ್ತಿತ್ತು. ಅವನಿಗೆ ನಾನು ಹೇಳಿದ್ದು ಮನೆಯ ದೇವರಕೋಣೆಯಲ್ಲಿ ಪುಸ್ತಕ ಇಟ್ಟು ಓದುವ ವ್ಯಾಸಪೀಠವಿದ್ದರೆ ತಂದು ಕೀಬೋರ್ಡಿಗೂ ಮಾನಿಟರಿಗೂ ನಡುವೆ ಇಡು, ಹಾಳೆ ಅದರ ಮೇಲಿರಲಿ. ಅಜ್ಜಿ ಬೈದರಂತೆ, ಮತ್ತೊಂದು ಕೊಂಡು ತಂದ. ವಾರದಲ್ಲಿ 7 ಇದ್ದದ್ದು 4ಕ್ಕೆ ಇಳಿಯಿತು.

ರಜೆಯ ದಿನದ ಚೀಟಿಯೂ ಮುಖ್ಯ. ಭಾನುವಾರವೂ ನೋವು ಅಷ್ಟೇ ಇದ್ದರೆ ಆಫೀಸನ್ನು ದೂರುವ ಮೊದಲು ಮಂಚ, ಮೊಬೈಲು, ಹೊಲಿಗೆ ಯಂತ್ರ, ಮಲಗಿ ನೋಡುವ ಟಿವಿ, ಇವನ್ನೆಲ್ಲ ಕೇಳುತ್ತೇನೆ.

ಮೇಜಿನ ಬಳಿ

ಒಂದು ಸಲಕ್ಕೆ ಒಂದೇ ಬದಲಾವಣೆ, ಅದಕ್ಕೆ ಒಂದು ವಾರ. ಕುರ್ಚಿ, ಮಾನಿಟರ್, ದಿಂಬು, ವ್ಯಾಯಾಮ ಎಲ್ಲ ಒಟ್ಟಿಗೆ ಬದಲಾಯಿಸಿದರೆ ವಾಸಿಯಾದರೂ ಯಾವುದರಿಂದ ಎಂದು ತಿಳಿಯುವುದಿಲ್ಲ, ಹೆಚ್ಚಾದರೆ ಯಾವುದನ್ನು ಹಿಂದಕ್ಕೆ ತೆಗೆಯಬೇಕೆಂದೂ ತಿಳಿಯುವುದಿಲ್ಲ.

ನೀವೇ ನಿಮ್ಮನ್ನು ನೋಡಿಕೊಳ್ಳಲಾರಿರಿ. ಕೆಲಸದಲ್ಲಿ ಮುಳುಗಿರುವಾಗ, ಮುನ್ಸೂಚನೆ ಕೊಡದೆ, ಪಕ್ಕದಿಂದ ಒಂದು ಫೋಟೋ ತೆಗೆಯಲು ಸಹೋದ್ಯೋಗಿಗೆ ಹೇಳಿ. "ಫೋಟೋ ತೆಗೀತೀನಿ" ಅಂದ ಕೂಡಲೇ ಎಲ್ಲರೂ ನೆಟ್ಟಗೆ ಕೂರುತ್ತಾರೆ.

ಫೋಟೋದಲ್ಲಿ ಹೆಗಲು ಕಿವಿಯ ಕಡೆಗೆ ಏರಿದ್ದರೆ ಮೇಜು ಎತ್ತರವಾಗಿದೆ. ನಮ್ಮ ಕಚೇರಿಗಳ ಮೇಜು ಸಾಮಾನ್ಯವಾಗಿ 75 ಸೆಂ.ಮೀ. ಐದಡಿ ಎತ್ತರದ ಹೆಂಗಸು ಪಾದ ನೆಲಕ್ಕೆ ಊರಿ ಕೂತರೆ ಮೊಣಕೈ ಇರುವುದು ಸುಮಾರು 60ರ ಆಸುಪಾಸು. ಅರ್ಧ ಗೇಣಿಗೂ ಹೆಚ್ಚು ವ್ಯತ್ಯಾಸ. ಅಷ್ಟು ಎತ್ತರದಲ್ಲಿ ಟೈಪ್ ಮಾಡಬೇಕಾದರೆ ಹೆಗಲು ಎತ್ತಿ ಹಿಡಿಯಲೇಬೇಕು. ಮೇಜಿನ ಕಾಲು ಕತ್ತರಿಸಲು ಯಾವ ಕಚೇರಿಯೂ ಬಿಡುವುದಿಲ್ಲ, ಆದ್ದರಿಂದ ಕುರ್ಚಿ ಏರಿಸಿ ಕಾಲಡಿಗೆ ಹಲಗೆಯೋ ಮಣೆಯೋ ಇಡಿ. ಮಣೆ ಇಲ್ಲದೆ ಕುರ್ಚಿ ಮಾತ್ರ ಏರಿಸಿದರೆ ಕಾಲು ಜೋತಾಡುತ್ತದೆ, ಜನ ಕುರ್ಚಿಯ ತುದಿಗೆ ಜಾರಿ ಕೂರುತ್ತಾರೆ, ಬೆನ್ನಿನ ಆಸರೆ ತಪ್ಪುತ್ತದೆ, ತಲೆ ಮುಂದಕ್ಕೆ ಹೋಗುತ್ತದೆ.

ತಲೆ ಮುಂದಕ್ಕೆ ಚಾಚಿದ್ದರೆ ಅಕ್ಷರ ಸಣ್ಣದು ಅಥವಾ ಪರದೆ ದೂರ. ಇದನ್ನು ಬೆನ್ನಿನ ಸೋಮಾರಿತನ ಎಂದು ಬೈಯುವುದು ತಪ್ಪು, ಕಣ್ಣು ಎಲ್ಲಿ ಕರೆಯುತ್ತದೋ ಕತ್ತು ಅಲ್ಲಿಗೆ ಹೋಗುತ್ತದೆ. ಪರದೆ ಒಂದು ತೋಳಿನಳತೆ, 50ರಿಂದ 70 ಸೆಂ.ಮೀ. ದೂರವಿರಲಿ, ಅಕ್ಷರ ದೊಡ್ಡದು ಮಾಡಿ. ಒತ್ತಕ್ಷರ ತುಂಬಿದ ಕನ್ನಡ ಪುಟವನ್ನು ಇಂಗ್ಲಿಷಿಗಿಟ್ಟ ಅಳತೆಯಲ್ಲೇ ನೋಡುತ್ತ ಕೂತರೆ ಯಾರ ಮೂಗಾದರೂ ಪರದೆಗೆ ಅಂಟುತ್ತದೆ.

ಗಲ್ಲ ಮೇಲಕ್ಕೆತ್ತಿದ್ದರೆ ಕನ್ನಡಕ ನೋಡಿ. ಇದನ್ನು ನಾನು ತುಂಬ ಸಲ ತಪ್ಪಿಸಿಕೊಂಡಿದ್ದೇನೆ. ಸಹಕಾರ ಸಂಘವೊಂದರ ಲೆಕ್ಕಿಗರು, ನಲವತ್ತೆಂಟು ವರ್ಷ. ಮೂರು ತಿಂಗಳಿನಿಂದ ಕುತ್ತಿಗೆಯ ಹಿಂಭಾಗದಿಂದ ಒಂದೇ ಕಡೆ ತಲೆನೋವು ಹುಬ್ಬಿನವರೆಗೆ. ಕುರ್ಚಿ ಸರಿಮಾಡಿಸಿದೆ, ವ್ಯಾಯಾಮ ಕೊಟ್ಟೆ, ಏನೂ ಆಗಲಿಲ್ಲ. ಮೂರನೇ ಸಲ ಬಂದಾಗ ರಸೀದಿ ಓದಲು ಗಲ್ಲ ಎತ್ತಿ, ಮೂಗಿನ ತುದಿಯಿಂದ ನೋಡಿದರು. ಆಗ ಹೊಳೆಯಿತು. "ಕನ್ನಡಕ ಯಾವಾಗ ಬದಲಾಯಿಸಿದ್ರಿ?" "ಯುಗಾದಿಗೆ." ನೋವು ಶುರುವಾದದ್ದೂ ಯುಗಾದಿಗೇ. ಬೈಫೋಕಲ್, ಪ್ರೊಗ್ರೆಸಿವ್ ಕನ್ನಡಕದಲ್ಲಿ ಹತ್ತಿರದ್ದು ಓದುವ ಭಾಗ ಕೆಳಗಿರುತ್ತದೆ. ಕಣ್ಣಿನ ಮಟ್ಟದ ಪರದೆಯನ್ನು ಅದರ ಮೂಲಕ ನೋಡಬೇಕಾದರೆ ತಲೆ ಹಿಂದಕ್ಕೆ ವಾಲಲೇಬೇಕು, ದಿನಕ್ಕೆ ಆರೇಳು ಗಂಟೆ. ಪರದೆಯ ಮೇಲಂಚು ಕಣ್ಣಿನ ಮಟ್ಟದಲ್ಲಿರಲಿ ಎಂದು ಎಲ್ಲೆಡೆ ಹೇಳುವ ನಿಯಮ ಇವರಿಗೆ ಸಲ್ಲದು, ಅದನ್ನು ಪಾಲಿಸಿದಷ್ಟೂ ನೋವು. ಇವರ ಪರದೆ ಆದಷ್ಟು ಕೆಳಗೆ, ಸ್ವಲ್ಪ ಹಿಂದಕ್ಕೆ ಬಾಗಿ ಇರಬೇಕು. ಮಾನಿಟರ್ ಇಳಿಸಿದ ಎರಡು ದಿನಕ್ಕೆ ನೋವು ಕುಗ್ಗಿದರೆ ದೋಷ ಸಿಕ್ಕಿತು ಅಂತಲೇ ಲೆಕ್ಕ. ಆಮೇಲೆ ಕಣ್ಣಿನವರ ಹತ್ತಿರ ಹೋಗಿ, ಪರದೆ ಇರುವ ದೂರವನ್ನು ಅಳತೆ ಮಾಡಿಕೊಂಡು ಹೋಗಿ, ಅಷ್ಟಕ್ಕೇ ಒಂದು ಕನ್ನಡಕ ಕೇಳಿ.

ಲ್ಯಾಪ್‌ಟಾಪಿನ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಪರದೆಯೂ ಕೀಬೋರ್ಡೂ ಒಂದಕ್ಕೊಂದು ಅಂಟಿರುವುದರಿಂದ ಕತ್ತಿಗೆ ಸರಿಯಾದರೆ ಕೈಗೆ ಕಷ್ಟ, ಕೈಗೆ ಸರಿಯಾದರೆ ಕತ್ತಿಗೆ ಕಷ್ಟ. ಬೇರೆ ಕೀಬೋರ್ಡು, ಮೌಸು ತಂದು ಲ್ಯಾಪ್‌ಟಾಪನ್ನು ಎತ್ತರಿಸಿ. ಎ4 ಹಾಳೆಯ ಒಂದು ಬಂಡಲ್ ಸುಮಾರು 5 ಸೆಂ.ಮೀ. ದಪ್ಪ, ಮೂರು ಬಂಡಲ್ ಸಾಕಾಗುತ್ತದೆ. ದಿವಾನದ ಮೇಲೆ ಕಾಲು ಚಾಚಿ ತೊಡೆಯ ಮೇಲಿಟ್ಟುಕೊಂಡು ದಿನವಿಡೀ ಮಾಡುವವರಿಗೆ, ಅಪಾಯದ ಲಕ್ಷಣ ಇಲ್ಲದಿದ್ದರೆ, ನಾನು ಬೇರೆ ಪರೀಕ್ಷೆಯನ್ನೇ ಮಾಡುವುದಿಲ್ಲ. ಮೊದಲು ಎದ್ದು ಊಟದ ಮೇಜಿಗೆ ಹೋಗಿ ಎನ್ನುತ್ತೇನೆ.

ಬಲಗಡೆ ಮಾತ್ರ ನೋವಿದ್ದರೆ ಮೌಸ್ ನೋಡಿ. ಕೀಬೋರ್ಡಿನ ಬಲ ತುದಿಯ ಅಂಕಿಗಳ ಗುಂಪು ಮೌಸನ್ನು ಆಚೆ ತಳ್ಳುತ್ತದೆ. ಅಂಕಿ ಹೆಚ್ಚು ಬಳಸದವರು ಅದಿಲ್ಲದ ಗಿಡ್ಡ ಕೀಬೋರ್ಡ್ ತರಬಹುದು. ಲೆಕ್ಕದ ಕೆಲಸದವರಿಗೆ ಅದು ಆಗದು. ಅವರು ಮೌಸನ್ನು ಎಡಗೈಗೆ ಅಭ್ಯಾಸ ಮಾಡಿಕೊಳ್ಳಬೇಕು. ಎರಡು ವಾರ ಸಿಟ್ಟು ಬರುತ್ತದೆ.

ಭಾರ ಎತ್ತದೆ ನೋವೇಕೆ

"ನಾನೇನು ಮೂಟೆ ಹೊತ್ತೆನಾ?" ಎಂದು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಸ್ವೀಡನ್ನಿನ ಗೊರಾನ್ ಹ್ಯಾಗ್ 1991ರಲ್ಲಿ ಒಂದು ಊಹೆ ಮುಂದಿಟ್ಟರು. ಸ್ನಾಯುವಿನ ಎಳೆಗಳೆಲ್ಲ ಒಟ್ಟಿಗೆ ಕೆಲಸಕ್ಕೆ ಇಳಿಯುವುದಿಲ್ಲ. ಸಣ್ಣ ಕೆಲಸಕ್ಕೂ ಮೊದಲು ಏಳುವ, ಎಲ್ಲರೂ ಮಲಗಿದ ಮೇಲೆ ಮಲಗುವ ಕೆಲವು ಎಳೆಗಳಿರುತ್ತವೆ. ಕೆಲಸ ಎಷ್ಟೇ ಹಗುರವಾಗಿರಲಿ, ಅವಕ್ಕೆ ಬಿಡುವಿಲ್ಲ. ಅವಕ್ಕೆ ಸಿಂಡ್ರೆಲಾ ಎಳೆಗಳು ಎಂದು ಹೆಸರು, ಮನೆಗೆಲಸವೆಲ್ಲ ತಲೆಯ ಮೇಲೆ ಬಿದ್ದ ಕಥೆಯ ಹುಡುಗಿಯ ಹೆಸರು. ನನ್ನ ಕಡೆಯವರಿಗೆ ನಾನು ಮನೆಯ ಹಿರಿಸೊಸೆ ಅಂತ ಹೇಳುತ್ತೇನೆ, ತಕ್ಷಣ ಅರ್ಥವಾಗುತ್ತದೆ. ಇದು ಪೂರ್ತಿ ಸಾಬೀತಾದ ಮಾತಲ್ಲವಾದರೂ ನಾನು ಕಾಣುವುದಕ್ಕೆ ಹೊಂದುತ್ತದೆ: ನೋವು ಭಾರಕ್ಕಿಂತ ಬಿಡುವಿಲ್ಲದಿರುವುದಕ್ಕೆ ಹೆಚ್ಚು ಅಂಟಿಕೊಂಡಿರುತ್ತದೆ. ಮನಸ್ಸಿನ ಒತ್ತಡವಿದ್ದಾಗ ಕೈ ಆಡದಿದ್ದರೂ ಹೆಗಲಿನ ಸ್ನಾಯು ಬಿಗಿದೇ ಇರುತ್ತದೆ. ಸರ್ವರ್ ಡೌನ್ ಆಗಿ ಕ್ಯೂ ಬೆಳೆಯುತ್ತಿರುವ ದಿನ ಟೈಪಿಂಗ್ ಕಡಿಮೆ, ನೋವು ಜಾಸ್ತಿ ಎಂದು ಚೀಟಿಯಲ್ಲಿ ಬರೆದುಕೊಂಡು ಬರುವವರಿದ್ದಾರೆ.

ತಲೆ 60 ಡಿಗ್ರಿ ಬಗ್ಗಿಸಿದರೆ ಕುತ್ತಿಗೆಗೆ 27 ಕೆ.ಜಿ. ಭಾರ ಎಂಬ ಚಿತ್ರ ನಿಮ್ಮ ವಾಟ್ಸ್ಆ್ಯಪಿಗೂ ಬಂದಿರಬಹುದು. ಅದು 2014ರಲ್ಲಿ ಅಮೆರಿಕದ ಬೆನ್ನುಮೂಳೆ ಶಸ್ತ್ರಚಿಕಿತ್ಸಕ ಕೆನೆತ್ ಹನ್ಸ್‌ರಾಜ್ ಕಂಪ್ಯೂಟರ್ ಮಾದರಿಯಲ್ಲಿ ಲೆಕ್ಕ ಹಾಕಿದ್ದು, ಜನರ ಕುತ್ತಿಗೆಯಲ್ಲಿ ಅಳೆದದ್ದಲ್ಲ. ಬಗ್ಗಿಸಿದರೆ ಕೆಲಸ ಹೆಚ್ಚು ಎಂಬಷ್ಟು ನಿಜ, ಅದಕ್ಕೆ ಹೆದರಿ ಕತ್ತನ್ನು ಕಂಬದ ಹಾಗೆ ನೆಟ್ಟಗಿಟ್ಟರೂ ನೋವು ಬರುತ್ತದೆ.

ರಿಪೇರಿ

ಅರ್ಧ ಗಂಟೆಗೊಮ್ಮೆ ಕೈ ಕೀಬೋರ್ಡಿನಿಂದ ತೆಗೆದು ತೊಡೆಯ ಮೇಲಿಡಿ, ಹೆಗಲನ್ನು ಕಿವಿಯವರೆಗೆ ಎತ್ತಿ ಒಮ್ಮೆಲೇ ಬಿಡಿ. ಎದ್ದು ನೀರು ಕುಡಿದು ಬಂದರೆ ಇನ್ನೂ ಒಳ್ಳೆಯದು.

ಬರೀ ಎಳೆದಾಡುವ ವ್ಯಾಯಾಮದಿಂದ ಹಾಯೆನಿಸುತ್ತದೆ, ಅಷ್ಟೇ. ಬಲ ಬರಿಸಿದರೆ ಬಾಳಿಕೆ ಬರುತ್ತದೆ. ಫಿನ್‌ಲ್ಯಾಂಡಿನಲ್ಲಿ ದೀರ್ಘಕಾಲದ ಕುತ್ತಿಗೆ ನೋವಿದ್ದ 180 ಕಚೇರಿ ಮಹಿಳೆಯರ ಮೇಲೆ ವರ್ಷಪೂರ್ತಿ ನಡೆದ ಅಧ್ಯಯನ 2003ರಲ್ಲಿ ಬಂತು. ಕುತ್ತಿಗೆಗೆ ಬಲವನ್ನೋ ತಾಳಿಕೆಯನ್ನೋ ಬರಿಸುವ ವ್ಯಾಯಾಮ ಮಾಡಿದವರಿಗೆ ನೋವೂ ಅಸಾಮರ್ಥ್ಯವೂ ಅವನ್ನು ಮಾಡದವರಿಗಿಂತ ಚೆನ್ನಾಗಿ ಇಳಿಯಿತು. ಡೆನ್ಮಾರ್ಕಿನ ಇನ್ನೊಂದು ಅಧ್ಯಯನ 2011ರದು, 198 ಜನ, ಹತ್ತು ವಾರ. ರಬ್ಬರ್ ಟ್ಯೂಬ್ ಹಿಡಿದು ಎರಡೂ ಕೈಯನ್ನು ಪಕ್ಕದಿಂದ ಹೆಗಲಿನ ಮಟ್ಟಕ್ಕೆ ಎತ್ತಿಳಿಸುವುದು. ದಿನಕ್ಕೆ ಎರಡೇ ನಿಮಿಷ ಮಾಡಿದವರಿಗೂ ನೋವು ಕಡಿಮೆಯಾಯಿತು, ಹನ್ನೆರಡು ನಿಮಿಷದವರಿಗೂ ಆಯಿತು. ಎರಡು ನಿಮಿಷ ಅಂದಾಗ ಜನ ನಂಬುತ್ತಾರೆ, ಮಾಡುತ್ತಾರೆ. ನಾನು ಇದನ್ನೇ ಕೊಡುವುದು. ಟ್ಯೂಬ್ ಇಲ್ಲದವರು ಅರ್ಧ ಲೀಟರ್ ನೀರಿನ ಬಾಟಲಿಯಿಂದ ಶುರುಮಾಡಿ ಲೀಟರಿಗೆ ಹೋಗಬಹುದು. ಇದರ ಜೊತೆ ಗಲ್ಲವನ್ನು ಬಗ್ಗಿಸದೆ ನೇರ ಹಿಂದಕ್ಕೆ ಸರಿಸಿ ಐದು ಎಣಿಸುವುದು, ಹತ್ತು ಸಲ. ಮಾಡಿದ ಮರುದಿನ ಮೈಕೈ ನೋವು ಬಂದರೆ ಸಹಜ. ತೋಳಿಗೆ ಜೋಮು ಇಳಿದರೆ ಮಾತ್ರ ನಿಲ್ಲಿಸಿ.

ಕುತ್ತಿಗೆ ಪಟ್ಟಿಯ ಬಗ್ಗೆ ಒಂದು ಮಾತು. ಪ್ರಯಾಣದಲ್ಲಿ ಒಂದೆರಡು ದಿನ ಹಾಕಿದರೆ ಅಡ್ಡಿಯಿಲ್ಲ, ತಿಂಗಳುಗಟ್ಟಲೆ ಹಾಕಿದರೆ ಸ್ನಾಯು ಸೊರಗುತ್ತದೆ. ದಿಂಬು ಬಿಟ್ಟು ಮಲಗುವ ಸಲಹೆ ಎಲ್ಲಿಂದ ಬಂತೋ. ಮಗ್ಗುಲಾಗಿ ಮಲಗುವವರಿಗೆ ಕಿವಿಗೂ ಭುಜದ ತುದಿಗೂ ನಡುವಿನ ಖಾಲಿ ಜಾಗ ತುಂಬುವಷ್ಟು ದಿಂಬು ಬೇಕೇ ಬೇಕು. ಎಣ್ಣೆ ಹಚ್ಚಿ ಬಿಸಿನೀರು ಹಾಕಿಕೊಂಡರೆ ಒಳ್ಳೆಯದೇ, ಯಾರೂ ಬೇಡ ಅನ್ನುವುದಿಲ್ಲ. ಆದರೆ ಕಟಿಂಗ್ ಶಾಪಿನಲ್ಲಿ ತಲೆ ಹಿಡಿದು ಫಟ್ಟನೆ ತಿರುಗಿಸಿ ನೆಟಿಗೆ ತೆಗೆಸುವುದನ್ನು ಬಿಟ್ಟುಬಿಡಿ. ರಕ್ತನಾಳ ಹರಿದು ಪಾರ್ಶ್ವವಾಯು ಹೊಡೆದ ಪ್ರಕರಣಗಳು ವರದಿಯಾಗಿವೆ. ಹತ್ತು ರೂಪಾಯಿ ಹೆಚ್ಚು ಕೊಟ್ಟು ತಲೆಗೆ ಮಾಲೀಶು ಮಾಡಿಸಿಕೊಳ್ಳಿ, ಕತ್ತು ಮುಟ್ಟಬೇಡ ಎನ್ನಿ.

ಆರು ವಾರದಲ್ಲಿ ಪ್ರಶ್ನಾವಳಿಯ ಅಂಕ 5ರಷ್ಟೂ ಇಳಿಯದಿದ್ದರೆ ನನ್ನ ಲೆಕ್ಕ ಎಲ್ಲೋ ತಪ್ಪಿದೆ ಎಂದೇ ತಿಳಿಯುತ್ತೇನೆ. ಮತ್ತೆ ಮೊದಲಿನಿಂದ: ಬೆರಳು, ಮುಷ್ಟಿ, ಹೆಗಲು, ಕನ್ನಡಕ, ನಿದ್ದೆ, ಮನೆಯ ವಿಚಾರ. ಬೇಕಾದರೆ ಆಗ ಎಂಆರ್‌ಐ.

ಆಪರೇಟರ್ ಮೇಡಂ ವಿಷಯಕ್ಕೆ ಬರುತ್ತೇನೆ. ಅವರ ಮುಷ್ಟಿ ಪರೀಕ್ಷೆ ಸರಿಯಿತ್ತು, ಬೆರಳಿಗೆ ಜೋಮಿರಲಿಲ್ಲ, ಕನ್ನಡಕವಿರಲಿಲ್ಲ. ಮಾಡಬೇಕಾದ್ದು ಒಂದೇ: ಮಾನಿಟರನ್ನು ಕಿಟಕಿಯ ಪಕ್ಕಕ್ಕೆ ತಂದು, ಕುರ್ಚಿಯನ್ನು ಎರಡಕ್ಕೂ ನಡುವೆ ಮುಖ ಮಾಡಿಡುವುದು. ಮರುದಿನವೇ ಫೋನ್ ಬಂತು. "ಆಗಲ್ಲ ಸರ್, ನೆಟ್ ಕೇಬಲ್ ಗಿಡ್ಡ ಇದೆ." ಇನ್ನೂ ಎರಡು ಮೀಟರ್ ಕೇಬಲ್ಲಿಗೆ ಅರ್ಜಿ ಬರೆದು, ಅದು ಮೇಲಕ್ಕೆ ಹೋಗಿ ಕೆಳಕ್ಕೆ ಬರಲು ಇಪ್ಪತ್ತೆರಡು ದಿನ ಹಿಡಿಯಿತು. ಅಷ್ಟರವರೆಗೆ ಕತ್ತು ತಿರುಗಿಸುವ ಬದಲು ಕುರ್ಚಿ ತಿರುಗಿಸುವುದು, ಬೆಳಿಗ್ಗೆ ಎರಡು ನಿಮಿಷ ನೀರಿನ ಬಾಟಲಿ. ಎಂಟನೇ ವಾರ ಮತ್ತೆ ಹತ್ತು ಪ್ರಶ್ನೆ ಕೊಟ್ಟೆ, 9 ಬಂತು. ಫಿಲ್ಮ್ ಚೀಲದಲ್ಲೇ ಇತ್ತು, ಈ ಸಲ ಹೊರಗೆ ಬರಲಿಲ್ಲ.

"ಒಂದೇ ತೊಂದ್ರೆ ಸರ್," ಅಂದರು ಎದ್ದು ಹೊರಡುವಾಗ. "ಮಾನಿಟರ್ ಈಚೆ ಬಂತು, ಪ್ರಿಂಟರ್ ಆಚೆ ಮೂಲೇಲೇ ಉಳೀತು. ಪ್ರತಿ ಸಲ ಎದ್ದು ಹೋಗ್ಬೇಕು. ಅದಕ್ಕೂ ಒಂದು ಉದ್ದದ ಕೇಬಲ್ ಕೇಳ್ಲಾ?"

"ಬೇಡ ಮೇಡಂ," ಅಂದೆ. "ಅದು ಅಲ್ಲೇ ಇರ್ಲಿ."